ಒಣ ಬಿಸಿಲಿಗೆ ಶೂರ, ಗುಡುಗು ಬಂದರೆ ಠುಸ್: ಒಂದು ಏರ್ ಕೂಲರ್‌ನ ಪೂರ್ತಿ ಬೇಸಿಗೆ

ಏರ್ ಕೂಲರ್ ಬಗ್ಗೆ ಜನ ಬರೆಯೋ ಅಭಿಪ್ರಾಯಗಳನ್ನ ನಾನು ನಂಬೋದಿಲ್ಲ. ಎಲ್ಲರೂ ಬಾಕ್ಸ್ ಬಿಚ್ಚಿದ ವಾರದಲ್ಲೇ ಬರೆದುಬಿಡ್ತಾರೆ. ಅದೂ ಕಡು ಬಿಸಿಲಲ್ಲಿ, ತಣ್ಣನೆ ಗಾಳಿ ಮುಖಕ್ಕೆ ತಾಗಿದ ಖುಷೀಲಿ. ಆಗ ಐದಕ್ಕೆ ಐದು ಸ್ಟಾರ್ ಕೊಡದವರು ಯಾರಿದ್ದಾರೆ? ಇನ್ನು ಕೆಲವರು ಮೋಡ ಕಟ್ಟಿದ ವಾರದಲ್ಲಿ ಕೊಂಡು, "ದುಡ್ಡು ದಂಡ, ಇದು ಬರೀ ಫ್ಯಾನು" ಅಂತ ಒಂದು ಸ್ಟಾರ್ ಎಸೆದು ಹೋಗಿರ್ತಾರೆ. ಇಬ್ಬರು ಹೇಳೋದೂ ನಿಜವೇ. ಅದೇ ಯಂತ್ರ, ಹವೆ ಬೇರೆ. ನಾನು ಇದನ್ನ ಬಿಸಿಲು ಏರೋಕೆ ಶುರುವಾದಾಗ ತಂದೆ, ಗುಡುಗು ಮಳೆಯ ವಾರಗಳಲ್ಲೂ ಓಡಿಸಿದೆ. ಈಗ ರಾತ್ರಿ ಹೊದಿಕೆ ಎಳೆದುಕೊಳ್ಳೋ ಹಾಗಾಗಿದೆ, ಯಂತ್ರ ಒಣಗಿ ಮೂಲೆ ಸೇರಿದೆ. ಆದ್ದರಿಂದ ಈಗ ಬರೀತಿದ್ದೀನಿ.

ಮೊದಲು ಜಾಗದ ವಿಷಯ. ನನ್ನದು ಹೊಲಿಗೆ ಕೆಲಸ. ಕೂರೋದು ಮೇಲಿನ ಮಹಡಿ ಕೋಣೇಲಿ, ನೆತ್ತಿ ಮೇಲೆ ನೇರ ತಾರಸಿ. ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಲನ್ನ ಸಂಜೆ ಆದಮೇಲೆ ನಿಧಾನವಾಗಿ ಕೆಳಗೆ ಬಿಡುತ್ತೆ, ಹಾಗಾಗಿ ಹೊರಗೆ ತಂಪಾದರೂ ಒಳಗೆ ರಾತ್ರಿ ಹತ್ತರವರೆಗೂ ಧಗೆ. ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಬೇರೆ. ಸಾವಿರ ವ್ಯಾಟ್‌ನ ಇಸ್ತ್ರಿ ಅಂದರೆ ಕೋಣೆ ಒಳಗೊಂದು ಹೀಟರ್ ಇದ್ದಂಗೇ ಲೆಕ್ಕ. ಸೀಲಿಂಗ್ ಫ್ಯಾನ್ ಹಾಕಿದರೆ ತಾರಸಿಯ ಕಾವನ್ನೇ ತಲೆ ಮೇಲೆ ಸುರೀತಿತ್ತು. ಎಸಿ ಹಾಕಿಸೋಣ ಅಂದರೆ ಗಿರಾಕಿಗಳು ಬರ್ತಾ ಹೋಗ್ತಾ ಇರ್ತಾರೆ, ಬಾಗಿಲು ಮುಚ್ಚಿ ಕೂರೋಕೆ ಆಗಲ್ಲ. ಬಾಗಿಲು ಕಿಟಕಿ ತೆರೆದೇ ಇರಬೇಕಾದ ಕೋಣೆಗೆ ಕೂಲರೇ ಸರಿ, ಇದು ಕೊಳ್ಳೋಕೆ ಮುಂಚೆಯೇ ಗೊತ್ತಿತ್ತು.

ತಂದದ್ದು 50 ಲೀಟರ್ ಟ್ಯಾಂಕಿನದು. ಮೂರು ಬದಿಗೆ ಹನಿಕೋಂಬ್ ಪ್ಯಾಡ್ (ಜೇನುಗೂಡಿನ ಹಾಗೆ ತೂತು ತೂತಾಗಿರೋ, ನೀರು ಹೀರೋ ದಪ್ಪ ಹಲಗೆ), ಕೆಳಗೆ ಚಕ್ರ, ಹಿಂದೆ ಅಂಟಿಸಿದ ಚೀಟೀಲಿ 190 ವ್ಯಾಟ್ ಅಂತ ಇದೆ. ಒಂದೂವರೆ ಟನ್ ಎಸಿ ಒಂದೂವರೆ ಸಾವಿರ ವ್ಯಾಟ್ ಹತ್ತಿರ ಎಳೆಯುತ್ತೆ ಅನ್ನೋದನ್ನ ನೆನೆಸಿಕೊಂಡರೆ ಇದು ಕರೆಂಟ್ ಬಿಲ್ಲಿಗೆ ಹೆದರಿಸೋ ಯಂತ್ರ ಅಲ್ಲ. ಕೆಲಸ ಮಾಡೋ ರೀತಿ ತೀರಾ ಸರಳ. ಪಂಪು ನೀರನ್ನ ಮೇಲೆತ್ತಿ ಪ್ಯಾಡಿನ ಮೇಲೆ ಸುರಿಯುತ್ತೆ, ಫ್ಯಾನು ಹೊರಗಿನ ಗಾಳೀನ ಆ ಒದ್ದೆ ಪ್ಯಾಡ್ ಮೂಲಕ ಒಳಗೆಳೆಯುತ್ತೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಒಂದು ಲೀಟರ್ ಆವಿಯಾಗೋಕೆ ಸುಮಾರು 2,400 ಕಿಲೋಜೂಲ್. ಆ ಶಾಖವನ್ನ ಅದು ಗಾಳಿಯಿಂದಲೇ ಕಿತ್ತುಕೊಳ್ಳುತ್ತೆ, ಗಾಳಿ ತಣ್ಣಗಾಗುತ್ತೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಜೋರಾಗಿ ಆವಿ, ಅಷ್ಟು ತಂಪು. ಈ ಯಂತ್ರದ ಗುಣವೂ ಅವಗುಣವೂ ಇರೋದು ಇಲ್ಲೇ.

ಕಡು ಬಿಸಿಲಲ್ಲಿ ಇದರ ಆಟ ನೋಡಬೇಕಿತ್ತು. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸೋ ಪುಟ್ಟ ಮೀಟರ್ ಒಂದು ನನ್ನ ಹತ್ರ ಇದೆ. ಸ್ವಲ್ಪ ಆಕಡೆ ಈಕಡೆ ಹೇಳೋ ಸಾಧಾರಣ ಮಾಲು, ಆದರೂ ಹೋಲಿಸಿ ನೋಡೋಕೆ ಸಾಕು. ಮಧ್ಯಾಹ್ನ ಹೊರಗೆ 40 ಡಿಗ್ರಿ, ತೇವಾಂಶ ಶೇ 20. ಕೂಲರ್ ಬಾಯಿಗೆ ಮೀಟರ್ ಹಿಡಿದರೆ 27. ಹದಿಮೂರು ಡಿಗ್ರಿ ಇಳಿಕೆ! ಇದಕ್ಕಿಂತ ಹೆಚ್ಚು ಕೇಳೋಕೆ ಜಾಗವೂ ಇಲ್ಲ, ಯಾಕಂದ್ರೆ ಅಂಥ ಹವೇಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋದೇ 22, 23ರ ಹತ್ತಿರ. ಎಷ್ಟು ದುಬಾರಿ ಕೂಲರ್ ಆದರೂ ಆ ಗೆರೆಯಿಂದ ಕೆಳಗಿಳಿಯೋದಿಲ್ಲ. "18 ಡಿಗ್ರಿ ತಂಪು" ಅಂತ ಹೇಳೋ ಜಾಹೀರಾತು ಕಂಡರೆ ನಕ್ಕು ಮುಂದೆ ಹೋಗಿ. ಕೋಣೆ ಪೂರ್ತಿ 27 ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಹೊಲಿಗೆ ಮಿಷನ್ ಇರೋ ಮೂಲೇಲಿ 31, 32. ಆದರೆ ನೇರ ಗಾಳಿಗೆ ಕೂತವರಿಗೆ ಆ ಲೆಕ್ಕ ಬೇಕಾಗಲ್ಲ.

ಈ ಕೂಲರ್ ಕುಡಿಯೋ ನೀರೂ ಅಷ್ಟೇ ಜೋರು. ಜೋರು ವೇಗದಲ್ಲಿ ಗಂಟೆಗೆ ಎಂಟು ಲೀಟರ್ ಹತ್ತಿರ ಖಾಲಿ ಮಾಡ್ತಿತ್ತು. 50 ಲೀಟರ್ ಟ್ಯಾಂಕ್ ಅಂದರೆ ದಿನವಿಡೀ ಚಿಂತೆ ಇಲ್ಲ ಅಂದ್ಕೊಳ್ಳೋ ಹಾಗಿಲ್ಲ, ಆರು ಗಂಟೆಗೆ ತಳ ಕಾಣುತ್ತೆ. ನೀರಿಗೇ ತತ್ವಾರ ಇರೋ ಕಡೆ ಇದನ್ನ ಮೊದಲು ಯೋಚನೆ ಮಾಡಿ, ಆಮೇಲೆ ಗಾಳಿ ವಿಚಾರ.

ಕಿಟಕಿ ತೆರೆದಿಡಬೇಕು ಅನ್ನೋ ಮುಖ್ಯ ಮಾತನ್ನ ಕಂಪನಿಯವರು ಕೈಪಿಡಿಯ ಕೊನೇ ಪುಟದಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನ ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಕೂಲರ್ ಒಳಗೆ ತಳ್ಳಿದಷ್ಟೇ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಮುಚ್ಚಿದ ಕೋಣೇಲಿ ಇಟ್ಟರೆ ಅದು ತಾನೇ ಬಿಟ್ಟ ಒದ್ದೆ ಗಾಳೀನ ಮತ್ತೆ ಮತ್ತೆ ಎಳೆದುಕೊಂಡು, ಸ್ವಲ್ಪ ಹೊತ್ತಿಗೇ ಕೆಲಸ ನಿಲ್ಲಿಸುತ್ತೆ. ಯಂತ್ರದ ಬೆನ್ನು ಒಂದು ಕಿಟಕಿಗೆ, ಎದುರಿನ ಕಿಟಕಿ ಅರ್ಧ ತೆರೆದು, ನೀವು ನಡುವೆ. ಇಷ್ಟು ಮಾಡಿದರೆ ಇದರ ಅರ್ಧ ದೂರು ಮಾಯ.

ಐಸ್ ಹಾಕೋಕೆ ಅಂತ ಮೇಲೊಂದು ಡಬ್ಬಿ ಕೊಟ್ಟಿದ್ದಾರೆ. ಮಾರೋ ಹುಡುಗ ಬಹಳ ಹುಮ್ಮಸ್ಸಿನಿಂದ ತೆಗೆದು ತೋರಿಸಿದ್ದು ಇದನ್ನೇ. ಲೆಕ್ಕ ಹಾಕಿ ನೋಡಿ: ಒಂದು ಕಿಲೋ ಐಸ್ ಕರಗೋವಾಗ ಹೀರೋ ಶಾಖ 334 ಕಿಲೋಜೂಲ್, ಅದೇ ಒಂದು ಕಿಲೋ ನೀರು ಆವಿಯಾದರೆ 2,400. ಏಳರಲ್ಲಿ ಒಂದು ಪಾಲು. ಅಷ್ಟಕ್ಕಾಗಿ ಫ್ರಿಜ್ ತುಂಬ ಐಸ್ ಕಟ್ಟಿ, ಫ್ರಿಜ್ ಬೆನ್ನಿಂದ ಮನೆಯೊಳಗೇ ಬಿಸಿ ಬಿಟ್ಟು, ಆ ಐಸ್ ತಂದು ಇಲ್ಲಿ ಸುರಿಯೋದು! ನಾನು ಆ ಡಬ್ಬೀಲಿ ದಾರದ ಉಂಡೆ ಇಟ್ಟಿದ್ದೀನಿ.

ಹೊಲಿಗೆಯವರಿಗೆ ಒಂದು ಎಚ್ಚರಿಕೆ. ಮೂರನೇ ವೇಗದಲ್ಲಿ ಇದು ಗಾಳಿ ಜೊತೆ ಸಣ್ಣ ಹನಿಗಳನ್ನೂ ಉಗುಳುತ್ತೆ. ಕಣ್ಣಿಗೆ ಕಾಣಲ್ಲ, ಕೈಗೂ ತಿಳಿಯಲ್ಲ. ಕತ್ತರಿಸಿ ಹರಡಿದ ತಿಳಿ ನೀಲಿ ರೇಷ್ಮೆ ಮೇಲೆ ಬಿದ್ದು ಒಣಗಿದಾಗ ಮಾತ್ರ ಸುತ್ತ ಉಗುರಿನಷ್ಟಗಲದ ಗೆರೆ ಕಟ್ಟಿತ್ತು, ನಡುವೆ ಬಣ್ಣ ಅದೇ, ಅಂಚಿಗೆ ಮಾತ್ರ ಮಬ್ಬು ಬಳೆ. ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಪ್ಯಾಡ್ ಅಂಚಿಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟಿರೋದೇ ಕಾರಣ. ಪ್ಯಾಡ್ ಮೂಲಕ ಹಾದು ಬರಬೇಕಾದ ಗಾಳಿ ಆ ಸಂದಿನಿಂದ ನುಗ್ಗಿ ತೊಟ್ಟಿಕ್ಕೋ ನೀರನ್ನ ಹೊತ್ತು ತರ್ತಿತ್ತು. ಸ್ಪಂಜಿನ ಪಟ್ಟಿ ತುರುಕಿದ ಮೇಲೆ ನಿಂತಿತು. ಆದರೆ ಇಷ್ಟು ಸಣ್ಣ ವಿಷಯ ಕಾರ್ಖಾನೇಲೇ ಆಗಬೇಕಿತ್ತು, ಇದಕ್ಕೆ ನಾನು ಸ್ಟಾರ್ ಕಡಿಮೆ ಮಾಡೋದು ಮಾಡೋದೇ. ಎರಡನೇ ವೇಗದಲ್ಲಿ ಈ ತೊಂದರೆ ಇಲ್ಲ, ಸದ್ದೂ ಸಹಿಸೋ ಹಾಗಿರುತ್ತೆ. ಮೂರರಲ್ಲಿ ಫೋನ್ ಎತ್ತಿದರೆ ಆಚೆಯವರಿಗೆ ನಾನು ರೈಲಲ್ಲಿದ್ದೀನಿ ಅನ್ನಿಸುತ್ತಂತೆ.

ಆಮೇಲೆ ಹವೆ ಮಗುಚಿಕೊಂಡಿತು. ಬೆಳಿಗ್ಗೆ ನೀಲಿ ಇದ್ದ ಆಕಾಶದಲ್ಲಿ ಮಧ್ಯಾಹ್ನಕ್ಕೆ ಗೋಪುರದ ಹಾಗೆ ಮೋಡ ಏಳೋಕೆ ಶುರು. ಉಷ್ಣಾಂಶ ಕಡಿಮೆಯಾಗಿ 34ಕ್ಕೆ ಬಂದಿತ್ತು, ಆದರೆ ತೇವಾಂಶ ಶೇ 60. ಕೂಲರ್ ಬಾಯಲ್ಲಿ ಮೀಟರ್ ಹೇಳಿದ್ದು 29. ಐದೇ ಡಿಗ್ರಿ ಇಳಿಕೆ, ಅದರ ಜೊತೆಗೆ ಕೋಣೆ ತುಂಬ ಜಿಗುಟು. ನಮ್ಮ ಮೈ ತಂಪಾಗೋದೂ ಇದೇ ಉಪಾಯದಿಂದ ತಾನೆ, ಬೆವರು ಆರಬೇಕು. ಕೂಲರ್ ಗಾಳೀನ ಇನ್ನಷ್ಟು ಒದ್ದೆ ಮಾಡಿ ಆ ಬೆವರು ಆರದ ಹಾಗೆ ಮಾಡುತ್ತೆ. ಉಪಕಾರ ಮಾಡೋಕೆ ಬಂದು ಅಪಕಾರ ಮಾಡೋದು ಅಂದರೆ ಇದೇ. ಸೀಮೆಸುಣ್ಣದ ಗುರುತು ಬಟ್ಟೆ ಮೇಲೆ ಸರಿಯಾಗಿ ಕೂರದಾಯಿತು, ಕಾಗದದ ಪ್ಯಾಟರ್ನ್‌ಗಳು ಮೆತ್ತಗಾಗಿ ಅಂಚು ಸುರುಳಿ ಸುತ್ತಿದವು. ಬಿಳೀ ಹತ್ತಿ ಅಂಗಿಯ ಮಡಿಕೆಗೆ ಚುಚ್ಚಿದ್ದ ಗುಂಡುಪಿನ್ನು ಮಾರನೇ ದಿನ ತೆಗೆದರೆ ಕಂದು ಚುಕ್ಕೆ ಬಿಟ್ಟಿತ್ತು. ಆವತ್ತಿಂದ ಪಂಪಿನ ಸ್ವಿಚ್ ಆಫ್, ಬರೀ ಫ್ಯಾನು.

ಒಂದು ಸಂಜೆ ಮಾತ್ರ ಈ ಯಂತ್ರಕ್ಕೆ ನಾಚಿಕೆ ಆಗೋ ಹಾಗೆ ಆಕಾಶ ತಾನೇ ಕೂಲರ್ ಓಡಿಸಿತು. ಹೊರಗೆ 36 ಇತ್ತು. ಪಡುವಣ ಕಪ್ಪಾಗಿ, ಎಲೆ ಅಲ್ಲಾಡದೆ ನಿಂತು, ಆಮೇಲೆ ಒಂದೇ ಸಲಕ್ಕೆ ಧೂಳೆಬ್ಬಿಸಿಕೊಂಡು ಗಾಳಿ ನುಗ್ಗಿತು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಮೀಟರ್ ನೋಡ ನೋಡ್ತಾ 26ಕ್ಕೆ ಇಳಿದಿತ್ತು. ಮಳೆ ಬರದೇ ತಂಪು ಎಲ್ಲಿಂದ ಬಂತು? ಪ್ಯಾಡಿನಲ್ಲಿ ಆಗೋದೇ ಅಲ್ಲಿ ಮೋಡದ ಕೆಳಗೆ ಆಗಿರುತ್ತೆ. ಮೋಡದಿಂದ ಬೀಳೋ ಹನಿಗಳಲ್ಲಿ ಒಂದಷ್ಟು ಪಾಲು ನೆಲ ಮುಟ್ಟೋ ಮುಂಚೆ ಕೆಳಗಿನ ಒಣ ಗಾಳೀಲಿ ಆವಿಯಾಗುತ್ತೆ. ಹಾಗೆ ಆವಿಯಾಗ್ತಾ ಸುತ್ತಲ ಗಾಳಿಯ ಶಾಖ ಹೀರುತ್ತೆ. ತಣ್ಣಗಾದ ಗಾಳಿಗೆ ಭಾರ ಹೆಚ್ಚು, ಅದು ಮಳೆ ಜೊತೆ ದಬದಬ ಕೆಳಗಿಳಿದು ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತೆ, ಎಷ್ಟೋ ಸಲ ಮಳೆಗಿಂತ ಕೆಲವು ಕಿಲೋಮೀಟರ್ ಮುಂಚಿತವಾಗಿ. ನನ್ನ ಪೆಟ್ಟಿಗೆ ಗಂಟೆಗೆ ಎಂಟು ಲೀಟರ್ ಕುಡಿದು ಒಂದು ಮೂಲೆ ತಂಪು ಮಾಡ್ತಿತ್ತು, ಆ ಮೋಡ ಇಡೀ ಊರನ್ನ ಕಾಲು ಗಂಟೇಲಿ ಮುಗಿಸಿತು. ಬಿಲ್ಲೂ ಇಲ್ಲ.

ಗುಡುಗಿನ ದಿನಗಳಲ್ಲಿ ಕೂಲರ್ ಇಟ್ಟುಕೊಂಡವರು ಪ್ಲಗ್ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು. ನೀರು, ಕರೆಂಟು ಎರಡೂ ಒಂದೇ ಪೆಟ್ಟಿಗೇಲಿವೆ. ಸಿಡಿಲು ಹತ್ತಿರದ ತಂತಿಗೆ ಬಡಿದರೆ ಅದರ ಹೊಡೆತ ಲೈನಿನಲ್ಲಿ ಮನೆವರೆಗೂ ಬರುತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಕರೆಂಟಿನ ಹಠಾತ್ ಏರಿಕೆ ತಡೆಯೋ ಸ್ಪೈಕ್ ಗಾರ್ಡನ್ನ ನಂಬಿಕೊಂಡೂ ಕೂರಬಾರದು. ಪ್ಲಗ್ಗನ್ನೇ ಕೀಳಬೇಕು, ಅದೂ ಸಿಡಿಲು ತಲೆ ಮೇಲೆ ಬರೋ ಮುಂಚೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸೋ ಮುಂಚೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರ್ ಒಳಗಿದೆ ಅಂತರ್ಥ, ಆಗ ಪ್ಲಗ್, ನಲ್ಲಿ, ಕಿಟಕಿ ಸರಳಿನ ಹತ್ತಿರ ಸುಳಿಯಬೇಡಿ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ತಾರಸಿಗೆ ಬಟ್ಟೆ ತೆಗೆಯೋಕೂ ಹೋಗಬೇಡಿ. ಬಟ್ಟೆ ನೆನೆದರೆ ಮತ್ತೆ ಒಣಗುತ್ತೆ.

ಈ ಯಂತ್ರದ ವೈರು ಮಾತ್ರ ಅನ್ಯಾಯಕ್ಕೆ ಗಿಡ್ಡ. ಕಿಟಕಿ ಹತ್ತಿರ ಇಡಿ ಅಂತ ಅವರೇ ಹೇಳ್ತಾರೆ, ಕಿಟಕೀಲಿಟ್ಟರೆ ಪ್ಲಗ್ ಸಾಕೆಟ್ ಮುಟ್ಟಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲಿಟ್ಟರೆ ನೀರು ತುಂಬೋವಾಗ ಚೆಲ್ಲಿದ್ದೆಲ್ಲ ಅದರ ಕಡೆಗೇ ಹರಿಯುತ್ತೆ. ಗೋಡೆಗೆ ಮೊಳೆ ಹೊಡೆದು ಬೋರ್ಡ್ ನೇತುಹಾಕಿದೆ. ಮೂರನೇ ಪಿನ್ನಿಗೆ ಅರ್ತಿಂಗ್ ಸರಿಯಾಗಿ ಬರುತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಕೊಳ್ಳದೆ ಯಾರೂ ಕೂಲರ್ ಹಾಕಬಾರದು ಅನ್ನೋದು ನನ್ನ ಹಟ.

ಕೊಳ್ಳೋರು ರಿಮೋಟ್, ಟಚ್ ಪ್ಯಾನೆಲ್ ಇರೋ ಮಾಡೆಲ್ ಕಡೆ ವಾಲೋದು ಸಹಜ. ನಾನು ತಿರುಗಿಸೋ ಗುಂಡಿ ಇರೋದನ್ನ ತಂದೆ, ಅದರಲ್ಲಿ ಸಂತೋಷ ಇದೆ. ಬಿರುಗಾಳಿ ಬಂದರೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುತ್ತೆ. ಗುಂಡಿಯದು ಕರೆಂಟ್ ಬಂದ ತಕ್ಷಣ ಇದ್ದ ವೇಗದಲ್ಲೇ ತಾನೇ ತಿರುಗುತ್ತೆ. ಪರಿಚಯದವರೊಬ್ಬರ ರಿಮೋಟ್ ಕೂಲರ್ ಪ್ರತಿ ಸಲ ಕೆಂಪು ದೀಪ ಹಾಕಿಕೊಂಡು ಸುಮ್ಮನೆ ನಿಂತಿರುತ್ತಂತೆ, ನಡುರಾತ್ರಿ ಎದ್ದು ರಿಮೋಟ್ ಹುಡುಕಬೇಕು.

ಸರ್ವಿಸ್ ಬಗ್ಗೆ ಕೇಳಬೇಡಿ ಅನ್ನೋಣ ಅಂದರೆ, ಅಭಿಪ್ರಾಯ ಬರೆಯೋದೇ ಅದಕ್ಕಲ್ಲವೇ. ಬಿಸಿಲು ನೆತ್ತಿ ಸುಡ್ತಿದ್ದಾಗ ಗಾಳಿ ಎಡಕ್ಕೆ ಬಲಕ್ಕೆ ತಿರುಗಿಸೋ ಪಟ್ಟಿಗಳು ಕಟಕಟ ಅಂದು ಒಂದೇ ಕಡೆ ನಿಂತವು. ದೂರು ಕೊಟ್ಟೆ. ದಿನಾ ಒಂದು ಮೆಸೇಜ್ ಬರ್ತಿತ್ತು, "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತಲೂ ಒಂದು ಬಂತು, ಯಾರೂ ಬಂದಿರಲಿಲ್ಲ. ಕೊನೆಗೆ ಮೆಕ್ಯಾನಿಕ್ ಬಂದಾಗ ಹೊರಗೆ ಧೋ ಅಂತ ಮಳೆ. ಪಾಪ ತೊಪ್ಪೆಯಾಗಿ ಬಂದಿದ್ದ. ಪುಟ್ಟ ಮೋಟಾರ್ ಬದಲಿಸಿದ, ಕೆಲಸ ಅಚ್ಚುಕಟ್ಟು, ಹಳೇ ಮೋಟಾರಿನ ಹಲ್ಲು ಸವೆದಿದ್ದನ್ನ ತೋರಿಸಿದ ಕೂಡ. ಕೂಲರ್ ಹಾಕಿ ಪರೀಕ್ಷೆ ಮಾಡೋವಾಗ ಇಬ್ಬರಿಗೂ ಚಳಿ ಹತ್ತಿತು. ಹುಡುಗನ ಮೇಲೆ ನನಗೆ ದೂರಿಲ್ಲ, ಬೇಸಿಗೆಯ ಸಾಮಾನಿಗೆ ಬೇಸಿಗೇಲಿ ಜನ ಕಳಿಸದ ಕಂಪನಿ ಮೇಲಿದೆ.

ಮಳೆ ಶುರುವಾದ ಮೇಲೆ ಇನ್ನೊಂದು ಕಾಟ, ವಾಸನೆ. ಪ್ಯಾಡ್ ಕಾಗದದ ಜಾತಿಯದು. ಒಣ ಹವೇಲಿ ರಾತ್ರಿ ಆಫ್ ಮಾಡಿದರೆ ಬೆಳಗಾಗೋದರೊಳಗೆ ತಾನೇ ಒಣಗ್ತಿತ್ತು. ತೇವ ಹವೇಲಿ ಒಣಗದೆ ಮುಗ್ಗಿ, ಬೆಳಿಗ್ಗೆ ಫ್ಯಾನ್ ಹಾಕಿದ ಕೂಡಲೇ ಒದ್ದೆ ನಾಯಿ ಕೋಣೆಗೆ ಬಂದಂಗೆ. ಮಲಗೋಕೆ ಅರ್ಧ ಗಂಟೆ ಮುಂಚೆ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ ಪ್ಯಾಡ್ ಒಣಗಿಸಿದರೆ ಇದು ಬರಲ್ಲ. ಟ್ಯಾಂಕಿನ ನೀರು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಗೋಡೆಗಳನ್ನ ಬ್ರಷ್‌ನಿಂದ ಉಜ್ಜಲೇಬೇಕು. ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟದ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯಲ್ಲ, ಮತ್ತೆ ನೀರು ತಾಗಿದರೆ ಮರಿ. ಬಿಸಿ ಹವೇಲಿ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿ ಸುಮ್ಮನಾದರೆ ಅರ್ಧ ಕೆಲಸ ಮಾತ್ರ ಆಯಿತು.

ಚೆಲ್ಲೋದೂ ಸುಲಭ ಇಲ್ಲ. ನೀರು ಬಿಡೋ ತೂತನ್ನ ತಳದಿಂದ ಎರಡು ಬೆರಳು ಮೇಲಕ್ಕೆ ಇಟ್ಟಿದ್ದಾರೆ. ಎಷ್ಟು ಬಿಟ್ಟರೂ ತಳದಲ್ಲಿ ಒಂದಷ್ಟು ನೀರು ಕೂತೇ ಇರುತ್ತೆ. ಯಂತ್ರವನ್ನ ವಾಲಿಸೋಕೆ ಇನ್ನೊಬ್ಬರು ಬೇಕು, ಇಲ್ಲವಾದರೆ ಬಟ್ಟೆ ಅದ್ದಿ ಹಿಂಡಿ ತೆಗೀಬೇಕು. ಇದನ್ನ ವಿನ್ಯಾಸ ಮಾಡಿದವರು ಒಂದು ಸಲವೂ ಕೂಲರ್ ತೊಳೆದಿಲ್ಲ ಅಂತ ಕಾಣುತ್ತೆ.

ಈಗ ಹಗಲು 27 ದಾಟ್ತಿಲ್ಲ, ರಾತ್ರಿ ಕಿಟಕಿ ಮುಚ್ಚೋ ಹಾಗಾಗಿದೆ. ಒಳಗಿಡೋ ಮುಂಚೆ ಪ್ಯಾಡ್ ಬಿಚ್ಚಿದರೆ ಗಡಸು ನೀರಿನ ಸುಣ್ಣ ಬಿಳೀ ಹಕ್ಕಳೆ ಕಟ್ಟಿತ್ತು, ಮೇಲ್ಗಡೆ ನೀರು ಸುರಿಯೋ ತೂತುಗಳಲ್ಲಿ ಅರ್ಧ ಮುಚ್ಚಿಹೋಗಿದ್ದವು. ಬೇಸಿಗೆ ಕೊನೇಲಿ ಪ್ಯಾಡಿನ ಎಡಭಾಗ ಯಾಕೆ ಒಣಗಿರ್ತಿತ್ತು ಅನ್ನೋದು ಆಗ ತಿಳೀತು. ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಮೆತ್ತಗೆ ತಿಕ್ಕಿದರೆ ಬಿಟ್ಟುಕೊಳ್ಳುತ್ತೆ. ಪ್ಯಾಡನ್ನ ಜೋರಾಗಿ ತಿಕ್ಕಿದರೆ ಹರಿಯುತ್ತೆ, ಅದರ ಮೇಲೆ ಶಕ್ತಿ ಪ್ರದರ್ಶನ ಬೇಡ. ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಬದಲು ಹಳೇ ಹತ್ತಿ ಬಟ್ಟೇಲಿ ಹೊಲಿದ ಮುಸುಕು ಹಾಕಿದ್ದೀನಿ. ಪ್ಲಾಸ್ಟಿಕ್ ಒಳಗಿನ ತೇವ ಹೊರಗೆ ಬಿಡಲ್ಲ.

ಸ್ಟಾರ್ ಕೇಳಿದರೆ ಒಣ ಬಿಸಿಲಿಗೆ ನಾಲ್ಕೂವರೆ, ಗುಡುಗು ಮಳೆಯ ವಾರಗಳಿಗೆ ಒಂದು. ಇವೆರಡರ ಸರಾಸರಿ ಹಾಕಬೇಡಿ, ಅದರಿಂದ ಯಾರಿಗೂ ಉಪಯೋಗ ಇಲ್ಲ. ಬದಲಿಗೆ ನಿಮ್ಮಲ್ಲಿ ಬೇಸಿಗೆ ಮಧ್ಯಾಹ್ನ ತೇವಾಂಶ ಎಷ್ಟಿರುತ್ತೆ ಅಂತ ಹವಾಮಾನದ ಆಪ್‌ನಲ್ಲಿ ಒಂದು ವಾರ ನೋಡಿ. ಶೇ 30ರ ಒಳಗೆ ಬಂದರೆ ಕಣ್ಣುಮುಚ್ಚಿ ತನ್ನಿ. 50ರ ಮೇಲೇ ನಿಂತಿದ್ದರೆ ಅಂಗಡಿಯವರು ಏನೇ ಹೇಳಲಿ, ಒಳ್ಳೇ ಟೇಬಲ್ ಫ್ಯಾನ್ ತಗೊಂಡು ಮನೆಗೆ ಬನ್ನಿ. ತರೋದೇ ಆದರೆ ಪ್ಯಾಡ್ ಬೇರೆಯಾಗಿ ಸಿಗುತ್ತಾ ಅಂತ ಅಂಗಡೀಲೇ ಕೇಳಿ. ಎರಡು ಮೂರು ಬೇಸಿಗೆ ಕಳೆದರೆ ಬದಲಿಸಲೇಬೇಕಾಗುತ್ತೆ, ನನ್ನ ಅಂಗಡಿಯವನು ಈಗಲೇ "ಆ ಮಾಡೆಲ್‌ನದು ನಿಂತೋಯ್ತು" ಅಂತ ರಾಗ ಎಳೀತಿದ್ದಾನೆ.